ಎರಡಡಿ ತೊಟ್ಟಿ, ಬೋರ್‌ವೆಲ್ ನೀರು: ಯಾವ ಮೀನು ಬಾಳುತ್ತದೆ, ಯಾವುದು ಬೇಡ

ನಮ್ಮದು ತುಮಕೂರು. ಮನೆಗೆ ಬರುವುದು ಬೋರ್‌ವೆಲ್ ನೀರು, ಕಾಯಿಸಿದ ಪಾತ್ರೆಗೆ ಬಿಳಿ ಕರೆ ಕಟ್ಟುವಷ್ಟು ಗಡಸು. ಹಜಾರದಲ್ಲಿರುವ ಗಾಜಿನ ತೊಟ್ಟಿ 24 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರ. ಲೆಕ್ಕಕ್ಕೆ 56 ಲೀಟರ್ ಹಿಡಿಯಬೇಕು. ತಳದ ಮರಳು, ಮೇಲೆ ಬಿಡುವ ಜಾಗ ಕಳೆದರೆ ಉಳಿಯುವುದು 45 ಲೀಟರ್ ಆಸುಪಾಸು. ವರ್ಷಗಳಿಂದ ಇದನ್ನು ನಡೆಸಿಕೊಂಡು ಬಂದಿದ್ದೇನೆ. ಅಕ್ವೇರಿಯಂ ಇಡಬೇಕು ಎಂದು ಬರುವವರು ಫಿಲ್ಟರ್ ಯಾವ ಕಂಪನಿಯದು, ಲೈಟು ಎಷ್ಟು ವಾಟಿನದು ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು ನಿಮ್ಮ ಮನೆಗೆ ಎಂಥ ನೀರು ಬರುತ್ತದೆ ಅಂತ. ಸಣ್ಣ ತೊಟ್ಟಿಯಲ್ಲಿ ಮೀನು ಬಾಳುವುದೋ ಬಿಡುವುದೋ ಅಲ್ಲಿಂದಲೇ ಶುರು.

ಗಡಸು ನೀರಿಗೆ ಗಪ್ಪಿಯಷ್ಟು ಒಗ್ಗುವ ಮೀನು ಇನ್ನೊಂದಿಲ್ಲ ಎನ್ನುವಷ್ಟು ನನಗೆ ಅದರ ಮೇಲೆ ಭರವಸೆ. ಗಪ್ಪಿ, ಪ್ಲಾಟಿ, ಮಾಲಿ ಮೂರೂ ಮರಿ ಹಾಕುವ ಜಾತಿಗಳು, ಮೂರಕ್ಕೂ ಸುಣ್ಣದಂಶವಿರುವ ನೀರು ಹಿತ. ಗಂಡು ಗಪ್ಪಿ ಒಂದೂವರೆ ಇಂಚು ದಾಟುವುದಿಲ್ಲ, ಬಣ್ಣವೆಲ್ಲ ಅದರದೇ. ಹಾಗಾಗಿ ಬರೀ ಗಂಡುಗಳನ್ನೇ ತನ್ನಿ ಎಂದು ಒತ್ತಿ ಹೇಳುತ್ತೇನೆ. ಅಂಗಡಿಯಲ್ಲಿ ಜೋಡಿ ಲೆಕ್ಕದಲ್ಲಿ ಕೊಡಲು ನೋಡುತ್ತಾರೆ, ಬಿಡಿಯಾಗಿ ಕೇಳಿ. ಹೆಣ್ಣು ಒಂದು ಸಲ ಗಂಡಿನ ಜೊತೆ ಸೇರಿದರೆ ಸಾಕು, ವೀರ್ಯವನ್ನು ಒಳಗೇ ಇಟ್ಟುಕೊಂಡು ತಿಂಗಳುಗಟ್ಟಲೆ, ಹೆಚ್ಚುಕಡಿಮೆ ನಾಲ್ಕು ವಾರಕ್ಕೊಂದು ಸೂಲಿನಂತೆ ಮರಿ ಹಾಕುತ್ತಲೇ ಇರುತ್ತದೆ. 45 ಲೀಟರಿನಲ್ಲಿ ಅಷ್ಟು ಮರಿಗಳಿಗೆ ಜಾಗವೆಲ್ಲಿ? ಮಾಲಿ ಚೆಂದದ ಮೀನೇ, ಆದರೆ ಸೈಲ್‌ಫಿನ್ ಮಾಲಿ ನಾಲ್ಕು ಇಂಚಿನವರೆಗೆ ಬೆಳೆಯುತ್ತದೆ, ತುಂಬ ಗಲೀಜು ಮಾಡುತ್ತದೆ. ಎರಡಡಿ ತೊಟ್ಟಿಗೆ ಪ್ಲಾಟಿಯೇ ಸರಿ.

ನನ್ನ ತೊಟ್ಟಿಯ ಜೀವಾಳ ಮಾತ್ರ ಜೀಬ್ರಾ ಡ್ಯಾನಿಯೊ. ನಮ್ಮದೇ ಉಪಖಂಡದ, ಗಂಗಾ-ಬ್ರಹ್ಮಪುತ್ರ ಕಡೆಯ ಹೊಳೆಗಳ ಮೀನು. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ತೊಟ್ಟಿಯ ನೀರು 20 ಡಿಗ್ರಿಗೆ ಇಳಿದರೂ ಇದಕ್ಕೆ ಏನೂ ಆಗುವುದಿಲ್ಲ, ಗಪ್ಪಿಗಳು ಮಾತ್ರ ಮಂಕಾಗುತ್ತವೆ. ಅವಕ್ಕಾಗಿ ಚಳಿಗಾಲದಲ್ಲಿ 50 ವಾಟಿನ ಹೀಟರ್ ಹಾಕಿ 24 ಡಿಗ್ರಿಗೆ ನಿಲ್ಲಿಸುತ್ತೇನೆ. ಡ್ಯಾನಿಯೊ ಗುಂಪಿನ ಮೀನು, ಆರಕ್ಕೆ ಕಡಿಮೆ ತರಲೇಬೇಡಿ. ಒಂಟಿಯಾದರೆ ಬೇರೆ ಮೀನುಗಳನ್ನು ಅಟ್ಟಿಸಿಕೊಂಡು ತಿರುಗುತ್ತದೆ. ಚಿಮ್ಮುವ ಚಾಳಿಯೂ ಇದೆ, ಮುಚ್ಚಳ ಕಡ್ಡಾಯ. ಆಹಾರ ಹಾಕುವಾಗ ತೊಟ್ಟಿಯ ಎರಡೂ ತುದಿಗೆ ಹಾಕಿ, ಇಲ್ಲದಿದ್ದರೆ ಗಪ್ಪಿಗಳ ಪಾಲೂ ಇವುಗಳ ಹೊಟ್ಟೆಗೇ.

ನಿಯಾನ್ ಟೆಟ್ರಾ ನೋಡಿದರೆ ಯಾರಿಗೂ ಆಸೆಯಾಗುತ್ತದೆ, ನನಗೂ ಆಗುತ್ತದೆ. ಆದರೆ ಅದು ಅಮೆಜಾನ್ ಸೀಮೆಯ ಮೆದು ನೀರಿನ ಮೀನು. ಕರೆ ಕಟ್ಟುವ ನೀರಿನ ಮನೆಯವರು ಅದನ್ನು ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಟ್ಟಾ ಅಂದರೆ ಫೈಟರ್ ಬೇಕೇ ಬೇಕು ಎನ್ನುವವರು ಅದಕ್ಕೆ 20 ಲೀಟರಿಗೆ ಕಡಿಮೆಯಿಲ್ಲದ ಪ್ರತ್ಯೇಕ ತೊಟ್ಟಿ ಕೊಡಿ. ಮೇಲಿನ ಗಾಳಿಯನ್ನೂ ಉಸಿರಾಡಬಲ್ಲ ಮೀನು ಎಂಬ ಒಂದೇ ಕಾರಣಕ್ಕೆ ಅದನ್ನು ಅಂಗೈಯಗಲದ ಬಟ್ಟಲಲ್ಲಿ ಮಾರುತ್ತಾರೆ. ಗಾಳಿ ಸಿಕ್ಕರೂ ತನ್ನದೇ ಗಲೀಜಿನ ಅಮೋನಿಯಾದಿಂದ ಅದಕ್ಕೆ ಬಿಡುಗಡೆಯಿಲ್ಲ. ಆ ಬಟ್ಟಲುಗಳನ್ನು ನೋಡುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗುಲಾಬಿ, ನೀಲಿ ಬಣ್ಣ ತುಂಬಿಸಿದ ವಿಡೋ ಟೆಟ್ರಾಗಳ ವಿಷಯವೂ ಇದೇ. ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.

ಗೋಲ್ಡ್‌ಫಿಶ್ ಅರ್ಧ ಅಡಿ ಮೀರಿ ಬೆಳೆಯುವ, ತಂಪು ನೀರಿನ ಮೀನು. ಏಂಜಲ್ ಎತ್ತರಕ್ಕೆ ಬೆಳೆಯುತ್ತದೆ, 12 ಇಂಚು ಸಾಲದು. ಟೈಗರ್ ಬಾರ್ಬ್ ಗಪ್ಪಿಯ ಬಾಲ ಕಚ್ಚುತ್ತದೆ. ‘ಪಾಚಿ ತಿನ್ನುತ್ತೆ ಸಾರ್, ತಗೊಂಡೋಗಿ’ ಎಂದು ಕೊಡುವ ಸಕ್ಕರ್ ಒಂದಡಿಯನ್ನೂ ದಾಟುತ್ತದೆ. ಬೆರಳುದ್ದ ಇರುವಾಗ ‘ಶಾರ್ಕ್’ ಎಂದು ಮಾರುವ ಪಂಗಾಸಿಯಸ್ ಅಂತೂ ಕೆರೆಗಳಲ್ಲಿ ಸಾಕಿ ಮಾಂಸಕ್ಕೆ ಮಾರುವ ಮೀನು, ಮೀಟರುದ್ದ ಬೆಳೆಯಬಲ್ಲದು. ದೊಡ್ಡದಾದ ಸಕ್ಕರನ್ನು ಊರ ಕೆರೆಗೆ ಬಿಟ್ಟುಬರುವವರಿದ್ದಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ. ಹೀಗೆ ಬಿಟ್ಟ ಸಕ್ಕರ್‌ಗಳು ದಕ್ಷಿಣ ಭಾರತದ ಹಲವು ಕೆರೆ-ಹೊಳೆಗಳಲ್ಲಿ ಈಗಾಗಲೇ ಬೇರೂರಿ, ಅಲ್ಲಿನ ಮೀನುಗಳ ನೆಲೆ ಕೆಡಿಸುತ್ತಿವೆ. ಸಾಕಲಾಗದಿದ್ದರೆ ಅಂಗಡಿಗೇ ವಾಪಸು ಕೊಡಿ.

ಈಗ ತೊಟ್ಟಿಯಲ್ಲಿರುವುದು ಆರು ಡ್ಯಾನಿಯೊ, ಆರು ಗಂಡು ಗಪ್ಪಿ, ಅಷ್ಟೇ. ಏರ್ ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್ ಒಂದೇ ಸಾಕಾಗಿದೆ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಗೆ ಮೊದಲ ದಿನವೇ ಮೀನು ತುಂಬಬಾರದು ಎನ್ನುವುದು ಇದಕ್ಕೇ. ಮೀನಿಲ್ಲದ ತೊಟ್ಟಿಗೆ ದಿನಾ ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಟ್ಟರೆ ಬ್ಯಾಕ್ಟೀರಿಯಾಕ್ಕೆ ಬೇಕಾದ ಅಮೋನಿಯಾ ಹುಟ್ಟುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತೇನೆ, ಸ್ಪಂಜನ್ನು ಹಾಗೆ ತೆಗೆದ ಹಳೇ ನೀರಿನಲ್ಲೇ ಹಿಂಡುತ್ತೇನೆ. ಕರೆಂಟು ಹೋದಾಗ ಸ್ಪಂಜಿಗೆ ಆಮ್ಲಜನಕ ನಿಲ್ಲಬಾರದೆಂದು ಪಂಪನ್ನು ಯುಪಿಎಸ್ ಲೈನಿಗೆ ಕೊಟ್ಟಿದ್ದೇನೆ. ನಗರಸಭೆ ನೀರು ಬಳಸುವವರಾದರೆ ಆ್ಯಂಟಿ-ಕ್ಲೋರಿನ್ ಹನಿ ಮರೆಯಬೇಡಿ.

ಉಡುಪಿ, ಶಿರಸಿ, ಮಡಿಕೇರಿ ಕಡೆಯವರು ನನ್ನ ಪಟ್ಟಿಯನ್ನು ಹಾಗೇ ಅನುಸರಿಸಬೇಕಿಲ್ಲ. ಜಂಬಿಟ್ಟಿಗೆ ಮಣ್ಣಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಅಲ್ಲಿ ನಿಯಾನ್ ಟೆಟ್ರಾ ಎಂಟು-ಹತ್ತರ ಗುಂಪಾಗಿ ಹಾಯಾಗಿರುತ್ತದೆ. ಆ ನೀರಿನಲ್ಲಿ ಗಪ್ಪಿಯೇ ಸಾಕಬೇಕೆಂದಿದ್ದರೆ ತೊಳೆದು ಒಣಗಿಸಿದ ಕಪ್ಪೆಚಿಪ್ಪಿನ ಚೂರು ಒಂದು ಹಿಡಿಯನ್ನು ಸಣ್ಣ ಬಲೆಚೀಲದಲ್ಲಿ ಕಟ್ಟಿ, ಫಿಲ್ಟರಿನ ಪಕ್ಕ ಇಳಿಬಿಡಿ. ಸುಣ್ಣದಂಶ ನಿಧಾನವಾಗಿ ನೀರಿಗೆ ಬಿಡುತ್ತದೆ, ಚೂರು ಕರಗಿದಂತೆ ಹೊಸದು ಹಾಕುತ್ತಿದ್ದರಾಯಿತು.