ಏಳು ವರ್ಷ ಕನ್ನಡದ ಲಿಬ್ರೆಆಫೀಸ್ ಬಳಸಿದ ಮೇಲೆ

ಸಿಂಧನೂರಿನಲ್ಲಿ ನನ್ನದು ಟೈಪಿಂಗ್ ಅಂಗಡಿ. 371ಜೆ ಪ್ರಮಾಣ ಪತ್ರದ ಅರ್ಜಿ, ಬಾಡಿಗೆ ಕರಾರು, ಭತ್ತದ ವ್ಯಾಪಾರಿಗಳ ಲೆಕ್ಕ, ಮದುವೆ ಪತ್ರಿಕೆಯ ಕರಡು ಹೀಗೆ ಬೆಳಗಿನಿಂದ ಸಂಜೆಯವರೆಗೆ ಕನ್ನಡದ್ದೇ ಕೆಲಸ. ಏಳು ವರ್ಷಗಳಿಂದ ಅದೆಲ್ಲ ನಡೆಯುತ್ತಿರುವುದು ಲಿಬ್ರೆಆಫೀಸ್‌ನಲ್ಲಿ, ಅದೂ ಮೆನುಗಳನ್ನು ಕನ್ನಡಕ್ಕೆ ಬದಲಿಸಿಕೊಂಡು.

ಇದು ಪತ್ರ ಬರೆಯಲು, ಲೆಕ್ಕದ ಹಾಳೆ ಮಾಡಲು ಬಳಸುವ, 2010ರಲ್ಲಿ ಇಂಥದೇ ಇನ್ನೊಂದು ತಂತ್ರಾಂಶವಾದ ಓಪನ್‌ಆಫೀಸ್‌ನಿಂದ ಕವಲೊಡೆದ ಮುಕ್ತ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ. ಇಂಗ್ಲಿಷ್ ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ತಾನಾಗಿ ಬರುವುದಿಲ್ಲ. ಹಾಕಿಕೊಳ್ಳುವಾಗ ‘ಕಸ್ಟಮ್’ ಆರಿಸಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಿಕೊಳ್ಳಬೇಕು. ಬಹಳ ಜನ ಇಲ್ಲಿಯೇ ತಪ್ಪಿ, ಕನ್ನಡ ಇಲ್ಲವೆಂದುಕೊಂಡು ಬಿಡುತ್ತಾರೆ.

ಅಂಗಡಿಗೆ ಸಹಾಯಕ್ಕೆ ಬಂದ ಹುಡುಗಿ ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಮೆನು ಇದ್ದಾಗ ಪದ ಓದುತ್ತಿರಲಿಲ್ಲ, ಎಡದಿಂದ ಮೂರನೆಯದು, ಕೆಳಗೆ ಐದನೆಯದು ಎಂದು ಜಾಗ ನೆನಪಿಟ್ಟುಕೊಳ್ಳುತ್ತಿದ್ದಳು. ಆವೃತ್ತಿ ಬದಲಾಗಿ ಜಾಗ ಬದಲಾದ ದಿನ ಕೈ ನಿಂತುಬಿಡುತ್ತಿತ್ತು. ಕನ್ನಡಕ್ಕೆ ಬದಲಿಸಿದ ಮೊದಲ ವಾರವೇ ‘ಅಡ್ಡಸಾಲು’ ಎಂಬುದನ್ನು ಕಂಡು, “ಅಣ್ಣ, ಇದು ನಾವು ಗಣಿತದಲ್ಲಿ ಓದಿದ್ದೇ ಅಲ್ಲವೇ?” ಎಂದಳು. ಅಂದಿನಿಂದ ಲೆಕ್ಕದ ಹಾಳೆಗಳು ಅವಳ ಪಾಲಿನ ಕೆಲಸ. ನನಗೆ ಈ ತಂತ್ರಾಂಶದ ಬೆಲೆ ಗೊತ್ತಾದದ್ದು ಅವತ್ತು.

ಈ ಪದಗಳನ್ನೆಲ್ಲ ಕೂಡಿಸಿದವರು ಸ್ವಯಂಸೇವಕರು. ಅವರು ಎಷ್ಟು ಯೋಚಿಸಿದ್ದಾರೆಂಬುದು ಬಳಸುತ್ತ ಬಳಸುತ್ತ ಕಾಣುತ್ತದೆ. ‘ಕಡತ’ದ ಪಕ್ಕದಲ್ಲಿ ಎಫ್ ಅಕ್ಷರವನ್ನು ಉಳಿಸಿದ್ದಾರೆ, ಹಾಗಾಗಿ ಆಲ್ಟ್ ಜೊತೆ ಎಫ್ ಒತ್ತುವ ಹಳೆಯ ಅಭ್ಯಾಸಕ್ಕೆ ಪೆಟ್ಟು ಬಿದ್ದಿಲ್ಲ. ‘ಉಳಿಸು’ ಎಂಬುದನ್ನು ಕಂಡು ನಿವೃತ್ತ ಮಾಸ್ತರರೊಬ್ಬರು, “ಕಂಪ್ಯೂಟರ್ ನಮ್ಮನ್ನು ಏಕವಚನದಲ್ಲಿ ಕರೆಯುತ್ತದೆಯೇ?” ಎಂದು ಬೇಸರಪಟ್ಟಿದ್ದರು. ನನ್ನ ಪ್ರಕಾರ ‘ಉಳಿಸು’ ಸರಿಯಾಗಿಯೇ ಇದೆ. ಮೆನುವಿನಲ್ಲಿ ಅಪ್ಪಣೆ ಕೊಡುವವರು ನಾವು, ಕೇಳಬೇಕಾದದ್ದು ಯಂತ್ರ. ಯಂತ್ರವೇ ನಮಗೆ ಏನಾದರೂ ಹೇಳುವ ಕಡೆ ಮಾತ್ರ ಬಹುವಚನ ಬೇಕು. ಹೀಗೆಂದು ವಿವರಿಸಿದ ಮೇಲೆ ಮಾಸ್ತರರೂ ಒಪ್ಪಿದರು.

ಕೊರತೆ ಇಲ್ಲವೆಂದಲ್ಲ. ಹೊಸ ಸೌಲಭ್ಯಗಳು ಸೇರಿದ ಹಾಗೆಲ್ಲ ಹೊಸ ಸಾಲುಗಳೂ ಬರುತ್ತವೆ. ಯಾರಾದರೂ ಕುಳಿತು ಅನುವಾದಿಸುವವರೆಗೆ ಅವು ಇಂಗ್ಲಿಷಿನಲ್ಲೇ ಇರುತ್ತವೆ. ಹತ್ತು ಕನ್ನಡ ಪದಗಳ ನಡುವೆ ಒಂದು ಇಂಗ್ಲಿಷ್ ಸಾಲು ಕಂಡರೆ ಕಲಿಯುವವರು ತಬ್ಬಿಬ್ಬಾಗುತ್ತಾರೆ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಕಡತಗಳನ್ನು ಅವುಗಳ ಫಾಂಟ್ ಇಲ್ಲದಿದ್ದರೆ ಪರಿವರ್ತಿಸದೆ ಇಲ್ಲಿ ಓದಲಾಗುವುದಿಲ್ಲ. ಆದರೆ ಆ ತೊಡಕು ಎಲ್ಲ ಕಡೆಯೂ ಇರುವಂಥದ್ದು.

ಇಂಗ್ಲಿಷ್ ಸಾಲುಗಳು ಹಾಗೇ ಉಳಿದಿರುವುದೇಕೆಂದು ನೋಡಲು ಅನುವಾದದ ಜಾಲತಾಣವಾದ ವೆಬ್‌ಲೇಟ್‌ನಲ್ಲಿ ಖಾತೆ ತೆರೆದೆ. ಲಿಬ್ರೆಆಫೀಸ್ ಅನುವಾದ ನಡೆಯುವುದು ಅಲ್ಲಿಯೇ. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಖಾಲಿ ಚೌಕ. ಸುಲಭವೆನಿಸಿತು, ಆದರೆ ಮೊದಲ ಸಂಜೆಯೇ ಸುಸ್ತಾದೆ. ‘ಲೆಫ್ಟ್’ ಎಂದಷ್ಟೇ ಇದ್ದರೆ ಅದು ‘ಎಡ’ವೋ ‘ಉಳಿದದ್ದು’ ಎಂದೋ? ಪರದೆಯ ಮೇಲೆ ಎಲ್ಲಿ ಕಾಣಿಸುತ್ತದೆಂದು ಹುಡುಕಿದ ಮೇಲೆಯೇ ಬರೆಯಬೇಕು. ಇನ್ನೂ ಕಷ್ಟದ್ದು ವಿಭಕ್ತಿ. ಹೆಸರು ಬರಬೇಕಾದ ಜಾಗದಲ್ಲಿ ತಂತ್ರಾಂಶ ಒಂದು ಗುರುತು ಇಟ್ಟಿರುತ್ತದೆ. ಅಲ್ಲಿ ‘ಲೆಕ್ಕ’ ಬಂದರೆ ‘ವನ್ನು’, ‘ಪಟ್ಟಿ’ ಬಂದರೆ ‘ಯನ್ನು’. ಯಾವುದು ಬರುತ್ತದೆಂದು ಅನುವಾದಕರಿಗೆ ಮೊದಲೇ ತಿಳಿಯುವುದಿಲ್ಲ. ಹೆಸರಿನ ಮುಂದೆ ‘ಎಂಬ ಕಡತವನ್ನು’ ಎಂದು ಸೇರಿಸಿದರೆ ಯಾವ ಹೆಸರು ಬಂದರೂ ವಾಕ್ಯ ಕೆಡುವುದಿಲ್ಲ. ಇಂಥ ಒಂದು ಸಾಲಿಗೆ ಹದಿನೈದು ನಿಮಿಷ ಹಿಡಿಯಿತು. ಇಂಥ ಸಾವಿರಾರು ಸಾಲುಗಳನ್ನು ಯಾರೋ ಸಂಬಳವಿಲ್ಲದೆ ಮುಗಿಸಿಟ್ಟಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ಅರ್ಜಿ, ಪತ್ರ, ಲೆಕ್ಕ ಇಷ್ಟೇ ಕೆಲಸವಿರುವ ಅಂಗಡಿಗಳವರಿಗೆ, ಪಂಚಾಯಿತಿಗಳಲ್ಲಿ ದಾಖಲೆ ಬರೆಯುವವರಿಗೆ, ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಶಿಕ್ಷಕರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಬೇರೆಯವರಿಗೆ ಕಳುಹಿಸುವಾಗ ಪಿಡಿಎಫ್ ಮಾಡಿ ಕಳುಹಿಸಿ. ಕೋಷ್ಟಕಗಳು ಅತ್ತಿತ್ತ ಸರಿಯುವುದಿಲ್ಲ. ಪದ ಸರಿಯಿಲ್ಲವೆನಿಸಿದರೆ ವೆಬ್‌ಲೇಟ್‌ನಲ್ಲಿ ಬದಲಿ ಪದ ಸೂಚಿಸಿ. ನಾನು ಈವರೆಗೆ ಬರೆದದ್ದು ನಲವತ್ತು ಸಾಲು ಮಾತ್ರ. ಈಗ ಭಾನುವಾರ ಅಂಗಡಿ ಮುಚ್ಚಿದ ಮೇಲೆ ಆ ಹುಡುಗಿಯೂ ಪಕ್ಕದಲ್ಲಿ ಕುಳಿತು, ಪದ ತೊಡಕೆನಿಸಿದ ಕಡೆ ತಡೆದು ಕೇಳುತ್ತಾಳೆ.