ಹಂಚಿನ ಮನೆ ರಿಪೇರಿ: ಕಟಪಾಡಿಯ ನಮ್ಮ ಮನೆಗೆ ಬಂದ ಮಹಿಳಾ ಕಂಟ್ರಾಕ್ಟರ್ ಬಗ್ಗೆ

ನಮ್ಮದು ಮುರಕಲ್ಲಿನ ಗೋಡೆ, ಹಂಚಿನ ಮಾಡು ಇರುವ ಹಳೆಯ ಮನೆ. ಪಡುವಣ ಗೋಡೆಯ ಸಾರಣೆ ಉದುರುತ್ತಿತ್ತು, ಚಾವಡಿ ಸೋರುತ್ತಿತ್ತು, ಬಚ್ಚಲು ಹೊಸದಾಗಿ ಆಗಬೇಕಿತ್ತು. ಕಳೆದ ಬೇಸಿಗೆಯಲ್ಲಿ ಮೂರೂ ಕೆಲಸವನ್ನು ಒಬ್ಬ ಮಹಿಳಾ ಕಂಟ್ರಾಕ್ಟರಿಗೆ ವಹಿಸಿದೆವು. ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಉಡುಪಿ ಜಿಲ್ಲೆ ನಮ್ಮದು. ಹಾಗಾಗಿ ಒಂದು ಮಳೆಗಾಲ ಕಳೆಯಲಿ, ಆಮೇಲೆ ಬರೆಯೋಣ ಎಂದು ಕಾದೆ. ಗೋಡೆ ಒಣಗಿದ ಹಾಗೇ ಇದೆ. ಚಾವಡಿಯಲ್ಲಿ ಬಕೆಟ್ ಇಡುವ ಕೆಲಸ ತಪ್ಪಿದೆ.

ಮನೆ ನೋಡಲು ಬಂದ ದಿನ ಅವರು ರೇಟಿನ ಮಾತು ಎತ್ತುವ ಮೊದಲೇ, "ಟೀಚರೇ, ನಮ್ಮ ಹೆಂಗಸರಿಗೆ ಟಾಯ್ಲೆಟ್ ಯಾವುದು?" ಎಂದು ಕೇಳಿದರು. ಹಿತ್ತಿಲಲ್ಲಿರುವುದನ್ನು ತೋರಿಸಿದೆ. ಚಿಲಕ ಕಿತ್ತುಹೋಗಿತ್ತು. ಕೆಲಸದ ಮೊದಲ ದಿನ ಮೊದಲು ಆದದ್ದು ಆ ಚಿಲಕ, ಆಮೇಲೆ ಉಳಿದದ್ದು. ಬೆಳಗ್ಗಿನಿಂದ ಸಂಜೆವರೆಗೆ ಬಿಸಿಲಲ್ಲಿ ದುಡಿಯುವವರು ಟಾಯ್ಲೆಟ್ ಇಲ್ಲವೆಂದು ನೀರೇ ಕುಡಿಯದೆ ಇರುತ್ತಾರೆ. ಎಷ್ಟೋ ಮನೆ ಕೆಲಸ ನೋಡಿದ್ದೇನೆ, ಇದನ್ನು ಕೇಳಿದವರು ಇವರೊಬ್ಬರೇ.

ಹೊಯಿಗೆ (ಮರಳು) ಲೋಡು ಬಂದಾಗ ಗಾಜಿನ ಬಾಟಲಿಯಲ್ಲಿ ಅರ್ಧ ಹೊಯಿಗೆ, ಮೇಲೆ ನೀರು ತುಂಬಿಸಿ ಚೆನ್ನಾಗಿ ಕುಲುಕಿ ಜಗಲಿಯಲ್ಲಿ ಇಟ್ಟರು. ಸ್ವಲ್ಪ ಹೊತ್ತಿಗೆ ಹೊಯಿಗೆಯ ಮೇಲೆ ದಪ್ಪಕ್ಕೆ ಕೆಸರಿನ ಪದರ ಕೂತಿತು. ಆ ಲೋಡು ವಾಪಸ್ ಹೋಯಿತು. ಹಳೆಯ ಹಂಚನ್ನೂ ಹಾಗೆಯೇ, ಒಂದೊಂದನ್ನೂ ಬೆರಳಗಂಟಿನಿಂದ ತಟ್ಟಿ ನೋಡಿದರು. ಟಣ್ ಎಂದದ್ದು ಮತ್ತೆ ಮಾಡಿಗೆ, ಮಂದ ಸದ್ದು ಬಂದದ್ದು ಹೊರಗೆ. ಕೆಲವು ಹಂಚಿನ ಬೆನ್ನಿನಲ್ಲಿ ಬಾಸೆಲ್ ಮಿಷನ್ ಮುದ್ರೆ ಇತ್ತು. ಆ ಕ್ರೈಸ್ತ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದವರು, ಗೊತ್ತಲ್ವಾ? ಆಮೇಲೆ ಕರಾವಳಿ ಉದ್ದಕ್ಕೂ ಎದ್ದ ಹಂಚಿನ ಕಾರ್ಖಾನೆಗಳಲ್ಲಿ ಎಷ್ಟೊಂದು ಹೆಂಗಸರು ದುಡಿದಿದ್ದಾರೆ. ಮನೆ ಕಟ್ಟುವ ಕೆಲಸ ಹೆಂಗಸರದ್ದಲ್ಲ ಎನ್ನುವವರು ಸ್ವಲ್ಪ ತಲೆ ಎತ್ತಿ ತಮ್ಮದೇ ಮಾಡು ನೋಡಲಿ.

ನನಗೆ ಜಾಸ್ತಿ ಇಷ್ಟವಾದದ್ದು ಸಾರಣೆಯ ಕೆಲಸ. ನಮ್ಮಲ್ಲಿ ಹೆಂಗಸರು ಎಂದರೆ ಯಾವಾಗಲೂ ಹೆಲ್ಪರ್. ಹೊಯಿಗೆ ಹೊರಬೇಕು, ಕಲಸಿ ಕೊಡಬೇಕು, ಅಷ್ಟೇ. ಇವರ ತಂಡದಲ್ಲಿ ಇಬ್ಬರು ಹೆಂಗಸರು ಸೀರೆ ಮೇಲೆ ಅಂಗಿ ಹಾಕಿಕೊಂಡು, ಕರಣೆ ಹಿಡಿದು ಅಟ್ಟಣಿಗೆ ಹತ್ತಿದರು. ಮೊದಲು ಗೋಡೆಯ ಸಡಿಲ ಮಣ್ಣನ್ನೆಲ್ಲ ಕೆರೆದರು. ಆಮೇಲೆ ನೀರು ಹೊಡೆದರು, ನಿಲ್ಲಿಸಿದರು, ಮತ್ತೆ ಹೊಡೆದರು. ಮುರಕಲ್ಲು ನೀರು ಕುಡಿಯುವ ಕಲ್ಲು. ಒಣ ಗೋಡೆಗೆ ಸಿಮೆಂಟ್ ಹಚ್ಚಿದರೆ ಅದರ ನೀರನ್ನೂ ಎಳೆದುಕೊಳ್ಳುತ್ತದೆ, ಸಾರಣೆ ಬಿರಿಯುತ್ತದೆ. ಹಿಂದೊಮ್ಮೆ ನಮ್ಮ ಮನೆಗೆ ಬಂದಿದ್ದ ಮೇಸ್ತ್ರಿ ಇದ್ಯಾವುದನ್ನೂ ಮಾಡಿರಲಿಲ್ಲ.

ಆ ಇಬ್ಬರಿಗೆ ಸಿಗುವುದು ಮೇಸ್ತ್ರಿಯ ಸಂಬಳ, ಹೆಲ್ಪರಿನದ್ದಲ್ಲ. ಶನಿವಾರ ನಮ್ಮ ಜಗಲಿಯಲ್ಲೇ ಬಟವಾಡೆ ಆಗುತ್ತಿತ್ತು, ಕಣ್ಣಾರೆ ನೋಡಿದ್ದೇನೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂದು 1976ರಲ್ಲೇ ಕಾನೂನು ಬಂತು. ಆದರೆ ಹೆಂಗಸರ ಕೈಗೆ ಕರಣೆಯನ್ನೇ ಕೊಡದಿದ್ದರೆ ಸಮಾನ ಕೆಲಸ ಎಲ್ಲಿಂದ ಬರಬೇಕು? ಇವರು ಕರಣೆ ಕೊಟ್ಟಿದ್ದಾರೆ, ಕಲಿಸಿದ್ದಾರೆ. ಸರಕಾರದ ಕಲ್ಯಾಣ ಮಂಡಳಿ ಕೊಡುವ ಕಟ್ಟಡ ಕಾರ್ಮಿಕರ ಕಾರ್ಡಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಆ ಕಾಗದಕ್ಕೆ ಸಹಿ ಹಾಕಲು ಎಷ್ಟೋ ಕಂಟ್ರಾಕ್ಟರುಗಳು ಸತಾಯಿಸುತ್ತಾರೆ. ಇವರು ಹಾಜರಿ ಪುಸ್ತಕ ಇಟ್ಟು ತಾವೇ ಬರೆದು ಸಹಿ ಮಾಡಿ ಕೊಡುತ್ತಾರೆ.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಕೆಲಸ ಶುರುವಾಗಲಿಲ್ಲ, ಹಿಂದಿನ ಮನೆಯದ್ದು ಮುಗಿದಿರಲಿಲ್ಲ. ಬಚ್ಚಲಿನ ಟೈಲ್ಸ್ ಕೆಲಸ ಹೊರಗಿನವರಿಗೆ ಕೊಟ್ಟಿದ್ದರು, ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು. ಫೋನ್ ಮಾಡಿದ ಮೇಲೆ ಬಂದು ಕಿತ್ತು ಇಳಿಜಾರು ಸರಿ ಮಾಡಿಸಿದರು, ಅದಕ್ಕೆ ದುಡ್ಡು ಕೇಳಲಿಲ್ಲ. ಪೇಂಟಿಂಗ್ ಸಾಧಾರಣ. ಅದಕ್ಕೆ ಬೇರೆಯವರನ್ನು ನೋಡುವುದು ಒಳ್ಳೆಯದು. ರೇಟು ನಾವು ಕೇಳಿದ ಇನ್ನೊಬ್ಬರಿಗಿಂತ 10 ಸಾವಿರ ಜಾಸ್ತಿಯೇ ಆಯಿತು. ಆದರೆ ಸಿಮೆಂಟ್, ಮಾಡಿನ ಮರದ ಪಕ್ಕಾಸು, ರೀಪು ಎಲ್ಲದರ ಬಿಲ್ಲನ್ನೂ ಕೈಗೆ ಕೊಟ್ಟರು. ಮಧ್ಯದಲ್ಲಿ "ಇನ್ನೂ ಸ್ವಲ್ಪ ಕೊಡಿ" ಎಂಬ ಮಾತು ಬರಲೇ ಇಲ್ಲ.

ಅವರನ್ನು ಕೇಳದೆ ಹೆಸರು, ನಂಬರ್ ಇಲ್ಲಿ ಹಾಕುವುದು ಸರಿಯಲ್ಲ. ಬೇಕಾದವರು ನನ್ನನ್ನು ಕೇಳಿ, ಅವರಿಗೆ ತಿಳಿಸಿ ಕೊಡುತ್ತೇನೆ. ಮಾಡಿನ ಕೆಲಸ ಇದ್ದರೆ ದೀಪಾವಳಿ ಕಳೆದ ಕೂಡಲೇ ಮಾತಾಡಿಟ್ಟುಕೊಳ್ಳಿ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ಪತ್ತನಾಜೆ ಹತ್ತಿರ ಬಂದ ಮೇಲೆ ಹೊಸ ಕೆಲಸ ಅವರು ಒಪ್ಪಿಕೊಳ್ಳುವುದಿಲ್ಲ.