ಎಡಿನ್‌ಬರೊ ಫ್ರಿಂಜ್: ನೆಲಮಾಳಿಗೆಯಲ್ಲಿ ಒಂದು ಗಂಟೆಯ ಸ್ಟ್ಯಾಂಡ್‌ಅಪ್

ಸ್ಕಾಟ್ಲೆಂಡ್‌ನ ರಾಜಧಾನಿ ಎಡಿನ್‌ಬರೊದಲ್ಲಿ ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ನಡೆಯುವ ಫ್ರಿಂಜ್ ಕಲೋತ್ಸವದಲ್ಲಿ ಸ್ಟ್ಯಾಂಡ್‌ಅಪ್ ಕಾಮಿಡಿ ನೋಡಬೇಕೆನ್ನುವವರು, ಟಿವಿಯಲ್ಲಿ ಕಂಡ ಮುಖಗಳಿರುವ ದೊಡ್ಡ ಸಭಾಂಗಣಗಳನ್ನು ಬಿಟ್ಟು, ಐವತ್ತು ಅರವತ್ತು ಕುರ್ಚಿಗಳಷ್ಟೇ ಹಿಡಿಯುವ ಯಾವುದಾದರೂ ಸಣ್ಣ ಕೋಣೆಗೆ ಹೋಗಬೇಕೆಂದು ನಾನು ಒತ್ತಾಯಿಸಿ ಹೇಳುತ್ತೇನೆ. ನಾನು ನೋಡಿದ ಕಾರ್ಯಕ್ರಮ ನಡೆದದ್ದು ಸೌತ್ ಬ್ರಿಜ್ ಸೇತುವೆಯ ಕಮಾನುಗಳ ಕೆಳಗಿನ ಕಲ್ಲಿನ ನೆಲಮಾಳಿಗೆಯೊಂದರಲ್ಲಿ. ಪ್ರವೇಶಕ್ಕೆ ಟಿಕೆಟ್ ಇರಲಿಲ್ಲ. ಮುಗಿದ ಮೇಲೆ ಕಲಾವಿದರೇ ಬಾಗಿಲ ಬಳಿ ಬಕೆಟ್ ಹಿಡಿದು ನಿಲ್ಲುತ್ತಾರೆ, ನೋಡಿದವರು ಮನಸ್ಸಿಗೆ ಬಂದಷ್ಟು ಹಾಕುತ್ತಾರೆ.

ಗ್ಲಾಸ್ಗೋದಿಂದ ಬಂದಿದ್ದ ಆ ಕಲಾವಿದೆ ಆರಿಸಿಕೊಂಡಿದ್ದ ವಿಷಯ ತಮ್ಮ ತಂದೆಯ ಕಿವಿಯ ಮಷೀನು. ಮನೆಯಲ್ಲಿ ಮಾತು ಬೇಡವೆನಿಸಿದಾಗಲೆಲ್ಲ ತಂದೆ ಕಿವಿಯ ಹಿಂದೆ ಬೆರಳಿಟ್ಟು ಮಷೀನನ್ನು ಆರಿಸಿಬಿಡುತ್ತಿದ್ದುದನ್ನು ಅವರು ಮೊದಲ ಐದು ನಿಮಿಷಗಳಲ್ಲೇ ಅಭಿನಯಿಸಿ ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಕೋಣೆಯ ಸಂಗೀತ ಗೋಡೆ ದಾಟಿ ಬಂದು ಅವರ ಮಾತನ್ನೇ ನುಂಗತೊಡಗಿದಾಗ, ಒಂದು ಮಾತೂ ಆಡದೆ ಆ ಗೋಡೆಯನ್ನು ದಿಟ್ಟಿಸಿ ನೋಡಿ, ತಂದೆಯಂತೆಯೇ ಕಿವಿಯ ಹಿಂದೆ ಬೆರಳಿಟ್ಟರು. ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೊನೆಯ ಭಾಗದಲ್ಲಿ ಆಸ್ಪತ್ರೆಯ ಪ್ರಸಂಗ ಬಂತು. ವೈದ್ಯರು ಕಾಯಿಲೆಯ ಹೆಸರು ಹೇಳಲು ಬಾಯಿ ತೆರೆಯುತ್ತಿದ್ದಂತೆ ತಂದೆಯ ಬೆರಳು ಮೆಲ್ಲಗೆ ಕಿವಿಯ ಕಡೆಗೆ ಹೋಯಿತೆಂದು ಅವರು ತೋರಿಸಿದಾಗ, ನಗುವೂ ದುಃಖವೂ ಒಟ್ಟಿಗೇ ಬಂದು ನಮಗೆ ಯಾವುದನ್ನೂ ತಡೆದುಕೊಳ್ಳಲಾಗಲಿಲ್ಲ. ಒಂದೇ ಅಭಿನಯವನ್ನು ಮೂರು ಕಡೆ ಇಟ್ಟು, ಪ್ರತಿ ಸಲವೂ ಅದರ ತೂಕ ಹೆಚ್ಚಿಸಿದ ಆ ಕಸುಬುಗಾರಿಕೆಯನ್ನು ನಾನು ಮನಸಾರೆ ಮೆಚ್ಚಿದೆ.

ಫ್ರಿಂಜ್‌ನಲ್ಲಿ ರೂಢಿಯಾಗಿರುವ ಒಂದು ಗಂಟೆಯ ಅವಧಿಯೇ ಇದಕ್ಕೆ ಅವಕಾಶ ಮಾಡಿಕೊಡುತ್ತದೆ. ನಮ್ಮ ಹಾಸ್ಯೋತ್ಸವಗಳಲ್ಲಿ ಮೂರು ನಾಲ್ಕು ಮಂದಿ ವೇದಿಕೆ ಹಂಚಿಕೊಂಡು, ಒಬ್ಬೊಬ್ಬರೂ ತಮ್ಮ ಬತ್ತಳಿಕೆಯ ಅತ್ಯುತ್ತಮ ಪ್ರಸಂಗಗಳನ್ನು ಹೇಳಿ ಹೋಗುವುದು ವಾಡಿಕೆ. ಇಲ್ಲಿ ಒಬ್ಬರೇ ನಿಂತು ಒಂದೇ ಎಳೆಯನ್ನು ಕೊನೆಯವರೆಗೂ ಎಳೆಯಬೇಕು. 1981ರಿಂದ ಕೊಡಲಾಗುತ್ತಿರುವ ಎಡಿನ್‌ಬರೊ ಕಾಮಿಡಿ ಪ್ರಶಸ್ತಿಗಳಿಗೂ ಇಂಥ ಪೂರ್ಣಾವಧಿಯ ಕಾರ್ಯಕ್ರಮಗಳೇ ಪರಿಗಣನೆಗೆ ಬರುತ್ತವೆ. 2023ರಲ್ಲಿ ಅತ್ಯುತ್ತಮ ಹೊಸ ಪ್ರತಿಭೆಯ ಪ್ರಶಸ್ತಿಯನ್ನು ಮುಂಬೈನ ಉರೂಜ್ ಅಶ್ಫಾಕ್ ಪಡೆದಾಗ ನನ್ನಂಥ ಭಾರತೀಯ ಪ್ರೇಕ್ಷಕರಿಗೆ ಆದ ಸಂತೋಷ ಸಣ್ಣದಲ್ಲ.

ಎಲ್ಲ ಕಾರ್ಯಕ್ರಮಗಳೂ ಹೀಗೆಯೇ ಇರುತ್ತವೆಂದು ಭಾವಿಸಬಾರದು. 1947ರಲ್ಲಿ ಅಂತರರಾಷ್ಟ್ರೀಯ ಉತ್ಸವಕ್ಕೆ ಆಹ್ವಾನವಿಲ್ಲದೆಯೇ ಬಂದ ಎಂಟು ನಾಟಕ ತಂಡಗಳಿಂದ ಶುರುವಾದ ಫ್ರಿಂಜ್‌ನಲ್ಲಿ ಇಂದಿಗೂ ಆಯ್ಕೆ ಸಮಿತಿಯಿಲ್ಲ. ಜಾಗ ಹೊಂದಿಸಿಕೊಂಡವರು ಯಾರಾದರೂ ಪ್ರದರ್ಶನ ಕೊಡಬಹುದು. ಈಚಿನ ವರ್ಷಗಳಲ್ಲಿ 3,000ಕ್ಕೂ ಹೆಚ್ಚು ಪ್ರದರ್ಶನಗಳಿರುವುದರಿಂದ ಅವುಗಳಲ್ಲಿ ಕಾಳಿನ ಜೊತೆ ಜೊಳ್ಳೂ ಇದ್ದೇ ಇರುತ್ತದೆ. ಹತ್ತು ನಿಮಿಷದ ಸರಕನ್ನು ಗಂಟೆಯವರೆಗೆ ಹಿಗ್ಗಿಸಿದವರನ್ನೂ ನಾನು ಅಲ್ಲಿ ನೋಡಿದ್ದೇನೆ.

ನೆಲಮಾಳಿಗೆಯಲ್ಲಿ ಗಾಳಿಯಾಡುವುದಿಲ್ಲ, ಸೆಕೆ ವಿಪರೀತ. ಹೊರಗೆ ಮಳೆ ಸುರಿಯುತ್ತಿದ್ದರಿಂದ ಒದ್ದೆ ಕೋಟುಗಳ ವಾಸನೆಯೂ ಸೇರಿ ಮೊದಲರ್ಧ ಗಂಟೆ ಕಷ್ಟವೆನಿಸಿತು. ಸ್ಕಾಟಿಷ್ ಉಚ್ಚಾರಣೆಗೆ ಕಿವಿ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕಾಗುವುದರಿಂದ ಎರಡನೆಯ ಅಥವಾ ಮೂರನೆಯ ಸಾಲಿನಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು. ಮೊದಲ ಸಾಲಿನವರನ್ನು ಕಲಾವಿದರು ಮಾತಿಗೆಳೆಯುವುದು ಹೆಚ್ಚು. ಟಿಕೆಟ್ ಇಲ್ಲದ ಕಾರ್ಯಕ್ರಮಗಳಿಗೆ ಕಾಲು ಗಂಟೆ ಮೊದಲೇ ಸಾಲಿನಲ್ಲಿ ನಿಲ್ಲಬೇಕು.

ಬಕೆಟ್ಟಿಗೆ ನಾನು ಹತ್ತು ಪೌಂಡ್ ಹಾಕಿದೆ. ಪ್ರವೇಶ ಉಚಿತವೆಂದು ಚಿಲ್ಲರೆ ಹಾಕಿ ಹೋಗುವುದು ನ್ಯಾಯವಲ್ಲ, ಏಕೆಂದರೆ ಆಗಸ್ಟ್‌ನಲ್ಲಿ ಎಡಿನ್‌ಬರೊದ ಮನೆ ಬಾಡಿಗೆ ಗಗನಕ್ಕೇರಿರುತ್ತದೆ, ಇವರಲ್ಲಿ ಹಲವರು ಹಗಲೆಲ್ಲ ರಾಯಲ್ ಮೈಲ್ ಬೀದಿಯಲ್ಲಿ ನಿಂತು ತಮ್ಮ ಕರಪತ್ರಗಳನ್ನು ತಾವೇ ಹಂಚಿ ಜನರನ್ನು ಕರೆದು ತಂದಿರುತ್ತಾರೆ. ಹಣ ಕೊಟ್ಟು ನೋಡುವ ಕಾರ್ಯಕ್ರಮದ ಟಿಕೆಟ್ ದರವನ್ನೇ ಲೆಕ್ಕಕ್ಕಿಟ್ಟುಕೊಂಡು ಅಷ್ಟನ್ನಾದರೂ ಕೊಡಬೇಕೆಂಬುದು ನನ್ನ ಕೋರಿಕೆ.